ಹೀಟಿಂಗ್ ಯಾವಾಗ ಹಾಕಬೇಕು? ಎಲ್ಲರೂ ಕೇಳುವ ಪ್ರಶ್ನೆಗೆ ನನ್ನ ಉತ್ತರ

ಸೆಪ್ಟೆಂಬರ್ ಅರ್ಧ ಕಳೆಯಿತು ಅಂದರೆ ನನ್ನ ಫೋನಿಗೆ ಒಂದೇ ಪ್ರಶ್ನೆ ಬರಲು ಶುರುವಾಗುತ್ತದೆ. "ಅಕ್ಕಾ, ನಿಮ್ಮನೇಲಿ ಹೀಟಿಂಗ್ ಹಾಕಿದ್ರಾ? ನಾವು ಈಗಲೇ ಹಾಕಬಹುದಾ?" ಕೇಳುವವರು ಹೆಚ್ಚಾಗಿ ಇಂಗ್ಲೆಂಡಿಗೆ ಹೊಸದಾಗಿ ಬಂದವರು. ಲೀಡ್ಸ್‌ನಲ್ಲಿ ಓದಲು ಬಂದ ಹುಡುಗರು, ಆಸ್ಪತ್ರೆ ಕೆಲಸಕ್ಕೆ ಬಂದ ನರ್ಸ್‌ಗಳು, ಕೈಗೂಸು ಇರುವ ಗಂಡ ಹೆಂಡತಿ. ಊರಲ್ಲಿ ಚಳಿ ಅಂದರೆ ಸ್ವೆಟರ್, ಕಂಬಳಿ, ಒಂದು ಲೋಟ ಬಿಸಿ ಕಾಫಿ. ಮನೆಯನ್ನೇ ಬಿಸಿ ಮಾಡುವುದು ನಮ್ಮಲ್ಲಿ ಯಾರಿಗೂ ರೂಢಿ ಇರಲಿಲ್ಲ. ಬೇಗ ಹಾಕಿದರೆ ದುಂದು ಅನ್ನಿಸಿಕೊಳ್ಳುತ್ತೇವೇನೋ ಎಂಬ ಅಳುಕು ಬೇರೆ.

ನನ್ನ ಉತ್ತರ ಇಷ್ಟೇ. ತಾರೀಖು ನೋಡಬೇಡಿ, ಮನೆ ನೋಡಿ. ಸಂಜೆ ಸುಮ್ಮನೆ ಕೂತಿರುವಾಗ ಒಳಗಿನ ಉಷ್ಣತೆ 18 ಡಿಗ್ರಿಗಿಂತ ಕೆಳಗಿದ್ದರೆ ಹಾಕಿ. ಬೆಳಿಗ್ಗೆ ಎದ್ದಾಗ ಕಿಟಕಿ ಗಾಜಿನ ಒಳಮೈಯಲ್ಲಿ ದಿನಾ ನೀರು ಇಳಿಯುತ್ತಿದ್ದರೂ ಹಾಕಿ. ಅವತ್ತು ಸೆಪ್ಟೆಂಬರ್ 20 ಆಗಿದ್ದರೂ ಪರವಾಗಿಲ್ಲ.

ಇಲ್ಲಿಯವರನ್ನು ಕೇಳಿದರೆ ಬೇರೆ ಉತ್ತರ ಸಿಗುತ್ತದೆ. ಗಡಿಯಾರ ಒಂದು ಗಂಟೆ ಹಿಂದಕ್ಕೆ ಹೋಗುವ ತನಕ, ಅಂದರೆ ಅಕ್ಟೋಬರ್ ತಿಂಗಳ ಕೊನೆಯ ಭಾನುವಾರದ ತನಕ, ಹೀಟಿಂಗ್ ಮುಟ್ಟುವುದೇ ಇಲ್ಲ ಎನ್ನುವವರು ಬೇಕಾದಷ್ಟು ಜನ ಇದ್ದಾರೆ. ನವೆಂಬರ್ 1 ಎನ್ನುವವರೂ ಇದ್ದಾರೆ. ಅವರ ಮನೆಗೆ ಅದು ಸರಿ ಇರಬಹುದು. ಹೊಸ ಮನೆ, ಗೋಡೆಯೊಳಗೆ ಒಳ್ಳೆಯ ಇನ್ಸುಲೇಷನ್, ದಕ್ಷಿಣಕ್ಕೆ ದೊಡ್ಡ ಕಿಟಕಿ ಇದ್ದರೆ ನೀವೂ ಕಾಯಬಹುದು. ಆದರೆ ಅವರ ಮಾತು ಕೇಳಿಕೊಂಡು ನೂರು ವರ್ಷದ ಹಳೇ ಮನೆಯ ಉತ್ತರದ ಕೋಣೆಯಲ್ಲಿ ಮಗುವನ್ನು ಇಟ್ಟುಕೊಂಡು ನಡುಗುತ್ತಾ ಕೂರಬೇಡಿ.

ಕೆಲವು ದೇಶಗಳಲ್ಲಿ ಈ ತಲೆನೋವೇ ಇಲ್ಲ. ಇಟಲಿಯಲ್ಲಿ 1993ರ ನಿಯಮವೊಂದು ದೇಶವನ್ನು ಹವಾಮಾನದ ಪ್ರಕಾರ ಆರು ವಲಯಗಳಾಗಿ ಹಂಚಿದೆ. ಮಾಮೂಲಿನಂತೆ ಮಿಲಾನ್‌ನಲ್ಲಿ ಅಕ್ಟೋಬರ್ 15ಕ್ಕೆ ಶುರು, ರೋಮ್‌ನಲ್ಲಿ ನವೆಂಬರ್ 1ಕ್ಕೆ. ಬೀಜಿಂಗ್‌ನಲ್ಲಿ ನಗರಕ್ಕೆಲ್ಲ ಒಟ್ಟಿಗೆ ನವೆಂಬರ್ 15. ನ್ಯೂಯಾರ್ಕ್ ನಗರದಲ್ಲಿ ಅಕ್ಟೋಬರ್ 1ರಿಂದ ಮೇ 31ರ ತನಕ ಬಾಡಿಗೆದಾರರ ಮನೆ ಬೆಚ್ಚಗಿಡುವುದು ಮಾಲೀಕರ ಜವಾಬ್ದಾರಿ. ಹಗಲು ಹೊತ್ತು ಹೊರಗೆ 55 ಫ್ಯಾರನ್‌ಹೀಟ್‌ಗಿಂತ ಕಡಿಮೆಯಾದರೆ ಒಳಗೆ 68 ಇರಲೇಬೇಕು, ಅಂದರೆ ನಮ್ಮ ಲೆಕ್ಕದಲ್ಲಿ 20 ಡಿಗ್ರಿ. ಇಂಗ್ಲೆಂಡಿನಲ್ಲಿ ಅಂಥ ತಾರೀಖು ಇಲ್ಲ. ಹೆಚ್ಚಿನ ಮನೆಗಳಿಗೆ ತಮ್ಮದೇ ಗ್ಯಾಸ್ ಬಾಯ್ಲರ್ ಇರುತ್ತದೆ, ಅದು ನೀರು ಕಾಯಿಸಿ ಕೋಣೆಗಳ ಗೋಡೆಗೆ ಹಾಕಿದ ರೇಡಿಯೇಟರುಗಳಿಗೆ ಹರಿಸುತ್ತದೆ. ಸ್ವಿಚ್ಚು ನಮ್ಮ ಕೈಯಲ್ಲಿ, ಬಿಲ್ಲು ನಮ್ಮ ತಲೆ ಮೇಲೆ.

18 ಡಿಗ್ರಿ ನಾನು ಹುಟ್ಟಿಸಿದ ಲೆಕ್ಕವಲ್ಲ. ವಿಶ್ವ ಆರೋಗ್ಯ ಸಂಸ್ಥೆ 2018ರ ತನ್ನ ವಸತಿ ಮಾರ್ಗಸೂಚಿಯಲ್ಲಿ, ಚಳಿಗಾಲದಲ್ಲಿ ಮನೆಯೊಳಗೆ ಕನಿಷ್ಠ ಇಷ್ಟಿರಲಿ ಎಂದು ಹೇಳಿದೆ. ವಯಸ್ಸಾದವರು, ಕಾಯಿಲೆ ಇರುವವರು, ಮಕ್ಕಳು ಇದ್ದರೆ ಇನ್ನೂ ಸ್ವಲ್ಪ ಜಾಸ್ತಿ ಬೇಕಾಗಬಹುದು. ಚಳಿಯಲ್ಲಿ ರಕ್ತನಾಳ ಬಿಗಿಯುತ್ತದೆ, ಬಿಪಿ ಏರುತ್ತದೆ. ಗಟ್ಟಿಮುಟ್ಟಾದ ಇಪ್ಪತ್ತೈದರ ಹುಡುಗನಿಗೆ 16 ಡಿಗ್ರಿ ಬರೀ ಕಿರಿಕಿರಿ. ಬಿಪಿ ಮಾತ್ರೆ ತೆಗೆದುಕೊಳ್ಳುವ ಎಪ್ಪತ್ತರ ಅಮ್ಮನಿಗೆ ಅದು ಅಪಾಯ.

ಕೂಸು ಮಲಗುವ ಕೋಣೆಯದು ಬೇರೆ ಲೆಕ್ಕ. ಇಲ್ಲಿ 16ರಿಂದ 20 ಡಿಗ್ರಿ ಸಾಕು ಎನ್ನುತ್ತಾರೆ. ನಮ್ಮವರು ಟೋಪಿ ಹಾಕಿ, ಎರಡು ಹೊದಿಕೆ ಹೊದಿಸಿ, ಮೇಲೆ ಹೀಟಿಂಗ್ 24ಕ್ಕೆ ಇಡುವುದನ್ನು ನಾನು ನೋಡಿದ್ದೇನೆ. ದಯವಿಟ್ಟು ಹಾಗೆ ಮಾಡಬೇಡಿ. ಹಸುಗೂಸಿಗೆ ಮೈ ಅತಿಯಾಗಿ ಬಿಸಿಯಾಗುವುದೂ ಅಪಾಯವೇ.

ಹಾಗಾಗಿ ಮೊದಲು ಒಂದು ಸಣ್ಣ ಡಿಜಿಟಲ್ ಥರ್ಮಾಮೀಟರ್ ತನ್ನಿ. ಉಷ್ಣತೆ, ತೇವಾಂಶ ಎರಡೂ ತೋರಿಸುವಂಥದ್ದು. ಹತ್ತು ಪೌಂಡ್ ಆಸುಪಾಸಿಗೆ ಸಿಗುತ್ತದೆ. ರೇಡಿಯೇಟರ್ ಮೇಲೆ ಇಡಬೇಡಿ, ಕಿಟಕಿ ಪಕ್ಕವೂ ಬೇಡ. ನೀವು ಕೂರುವ ಸೋಫಾದ ಎತ್ತರಕ್ಕೆ ಇರಲಿ. ದೋಸೆ ಹಿಟ್ಟು ಉಬ್ಬದೇ ಇರುವುದನ್ನು ನೋಡಿ ಹೀಟಿಂಗ್ ಹಾಕುವವರೂ ಇದ್ದಾರೆ. ಹಿಟ್ಟಿಗೆ 26ರಿಂದ 30 ಡಿಗ್ರಿ ಬೇಕು. ಹಿಟ್ಟಿಗೋಸ್ಕರ ಮನೆಯೆಲ್ಲ ಬಿಸಿ ಮಾಡಿದರೆ ದಿವಾಳಿ ಏಳುವುದೇ ಸೈ. ಓವನ್ ಒಳಗಿನ ದೀಪ ಮಾತ್ರ ಹಾಕಿ, ಪಾತ್ರೆಯನ್ನು ಒಳಗಿಟ್ಟು ಬಾಗಿಲು ಮುಚ್ಚಿ. ಬೆಳಿಗ್ಗೆಗೆ ಹುದುಗು ಬಂದಿರುತ್ತದೆ.

ಹೊರಗಿನ ಹವೆಗೂ ಒಂದು ಗೆರೆ ಇದೆ. ಬ್ರಿಟನ್‌ನಲ್ಲಿ ಕಟ್ಟಡಗಳ ಹೀಟಿಂಗ್ ಲೆಕ್ಕ ಹಾಕುವವರು ಬಹಳ ಕಾಲದಿಂದ 15.5 ಡಿಗ್ರಿಯನ್ನು ಇಟ್ಟುಕೊಂಡಿದ್ದಾರೆ. ಹೊರಗಿನ ಉಷ್ಣತೆ ಅದಕ್ಕಿಂತ ಕೆಳಗಿಳಿದರೆ ಸಾಧಾರಣ ಕಟ್ಟಡಕ್ಕೆ ಹೀಟಿಂಗ್ ಬೇಕಾಗುತ್ತದೆ ಅಂತ. ಒಳಗೆ 18ಕ್ಕೆ ಏರಲು ಬೇಕಾದ ಎರಡು ಮೂರು ಡಿಗ್ರಿ ನಮ್ಮ ಮೈಶಾಖ, ಒಲೆ, ಫ್ರಿಜ್, ಕಿಟಕಿಯಿಂದ ಬೀಳುವ ಬಿಸಿಲಿನಿಂದ ಬಂದುಬಿಡುತ್ತದೆ. ಲೀಡ್ಸ್‌ನಲ್ಲಿ ಸೆಪ್ಟೆಂಬರ್‌ನಲ್ಲೇ ಹೊರಗಿನ ಸರಾಸರಿ ಇದಕ್ಕಿಂತ ಕೆಳಗೆ ಹೋಗಿರುತ್ತದೆ. ಆದರೂ ಮನೆ ಕೂಡಲೇ ತಣ್ಣಗಾಗುವುದಿಲ್ಲ, ಗೋಡೆಗಳು ಹಿಡಿದಿಟ್ಟುಕೊಂಡ ಬಿಸಿ ಕೆಲವು ದಿನ ಉಳಿಯುತ್ತದೆ. ಒಂದು ಸಂಜೆ ಥಂಡಿ ಗಾಳಿ ಬೀಸಿತು ಅಂತ ಹಾಕಬೇಕಿಲ್ಲ. ಎರಡು ಮೂರು ದಿನ ಒಳಗಿನ ಅಂಕಿ ಇಳಿಯುತ್ತಲೇ ಹೋದರೆ ಹಾಕಿ.

ಈಗ ತೇವದ ವಿಷಯ. ನನ್ನ ಪ್ರಕಾರ ಇದು ಚಳಿಗಿಂತ ದೊಡ್ಡದು, ಯಾರೂ ಹೊಸಬರಿಗೆ ಹೇಳಿಕೊಡದೇ ಇರುವಂಥದ್ದು.

ಬಿಸಿ ಗಾಳಿ ಜಾಸ್ತಿ ನೀರಾವಿ ಹಿಡಿದುಕೊಳ್ಳುತ್ತದೆ. ಅದೇ ಗಾಳಿ ತಣ್ಣನೆಯ ಗೋಡೆಗೆ ತಾಗಿದರೆ ನೀರು ಬಿಟ್ಟುಬಿಡುತ್ತದೆ. 20 ಡಿಗ್ರಿಯ ಕೋಣೆಯಲ್ಲಿ ತೇವಾಂಶ ಶೇ. 60 ಇದೆ ಅಂದುಕೊಳ್ಳಿ. ಗೋಡೆಯೋ ಗಾಜೋ 12 ಡಿಗ್ರಿಗೆ ಇಳಿದರೆ ಅದರ ಮೇಲೆ ನೀರು ಕೂರುತ್ತದೆ. ಮನೆಯಲ್ಲಿ ಕುಕ್ಕರ್ ಕೂಗುತ್ತದೆ, ಸಾರು ಕುದಿಯುತ್ತದೆ, ಎಲ್ಲರೂ ಬಿಸಿನೀರು ಸ್ನಾನ ಮಾಡುತ್ತಾರೆ, ಹೊರಗೆ ಮಳೆ ಅಂತ ಬಟ್ಟೆಯನ್ನೂ ಒಳಗೇ ಒಣಹಾಕುತ್ತೇವೆ. ಒಂದು ಸಲ ಮೆಷಿನ್ನಿಗೆ ಹಾಕಿದ ಬಟ್ಟೆ ಒಣಗುವಾಗ ಸುಮಾರು ಎರಡು ಲೀಟರ್ ನೀರು ಮನೆಯ ಗಾಳಿಗೆ ಸೇರುತ್ತದೆ. ಚಳಿ ಅಂತ ಕಿಟಕಿ ಬೇರೆ ತೆಗೆಯುವುದಿಲ್ಲ. ಆ ನೀರೆಲ್ಲ ಎಲ್ಲಿಗೆ ಹೋಗಬೇಕು?

ಹೊರಗೋಡೆಗೆ ಒತ್ತಿಸಿ ಇಟ್ಟ ಬೀರುವಿನ ಹಿಂದಕ್ಕೆ ಹೋಗುತ್ತದೆ. ಅಕ್ಟೋಬರ್ ಕೊನೆಯಲ್ಲಿ ಒಮ್ಮೆ ಬೀರು ಸರಿಸಿ, ಫೋನಿನ ಟಾರ್ಚ್ ಹಾಕಿ ನೋಡಿ. ಮೊದಲು ಸಾಸಿವೆ ಚೆಲ್ಲಿದಂತೆ ಕಪ್ಪು ಚುಕ್ಕೆಗಳು ಕಾಣುತ್ತವೆ. ಕೈಯಿಟ್ಟರೆ ಗೋಡೆ ಹಸಿ ಹಸಿ. ಒಳಗಿನ ರೇಷ್ಮೆ ಸೀರೆಗೆ ಆಗಲೇ ಮುಗ್ಗಲು ವಾಸನೆ ಹತ್ತಿರುತ್ತದೆ. ಇನ್ನು ಕೆಲವು ವಾರಕ್ಕೆ ಚುಕ್ಕೆಗಳು ಕೂಡಿಕೊಂಡು ಬೂಷ್ಟು ಹರಡುತ್ತದೆ. ಬೀರುವನ್ನು ಗೋಡೆಯಿಂದ ನಾಲ್ಕು ಬೆರಳು ಈಚೆ ಇಟ್ಟರೆ ಅರ್ಧ ಕಷ್ಟ ಅಲ್ಲಿಗೇ ಮುಗಿಯುತ್ತದೆ. ಉಳಿದರ್ಧಕ್ಕೆ ಅಡುಗೆ ಮಾಡುವಾಗ ಎಕ್ಸಾಸ್ಟ್ ಫ್ಯಾನ್, ಸ್ನಾನ ಆದ ಮೇಲೆ ಬಚ್ಚಲ ಬಾಗಿಲು ಮುಚ್ಚಿ ಕಿಟಕಿ ತೆರೆಯುವುದು, ದಿನಕ್ಕೆ ಹತ್ತು ನಿಮಿಷ ಮನೆಗೆಲ್ಲ ಗಾಳಿ, ಮತ್ತೆ ಹೀಟಿಂಗ್. ಗೋಡೆ ಸ್ವಲ್ಪ ಬೆಚ್ಚಗಿದ್ದರೆ ನೀರು ಕೂರುವುದಿಲ್ಲ.

ಲೀಡ್ಸ್‌ನಲ್ಲಿ ಇದಕ್ಕೆ ಇನ್ನೊಂದು ತೊಡಕಿದೆ. ಇಲ್ಲಿ ಬ್ಯಾಕ್-ಟು-ಬ್ಯಾಕ್ ಎಂಬ ಹಳೇ ಕೆಂಪು ಇಟ್ಟಿಗೆ ಮನೆಗಳ ಸಾಲು ಸಾಲೇ ಇದೆ. ಬೇರೆ ಊರುಗಳು ನಿಲ್ಲಿಸಿದ ಮೇಲೂ ಲೀಡ್ಸ್ 1930ರ ದಶಕದ ತನಕ ಇವನ್ನು ಕಟ್ಟಿತು. ಸಾಲಿನ ನಡುವಿನ ಮನೆಗೆ ಹಿಂದಿನ ಗೋಡೆ, ಎರಡು ಪಕ್ಕದ ಗೋಡೆ ಎಲ್ಲ ಬೇರೆಯವರ ಮನೆಗೆ ಅಂಟಿಕೊಂಡಿರುತ್ತವೆ. ಕಿಟಕಿ ಇರುವುದು ಮುಂದೆ ಮಾತ್ರ. ಪಕ್ಕದವರು ಹೀಟಿಂಗ್ ಹಾಕಿದರೆ ನಿಮಗೂ ಸ್ವಲ್ಪ ಶಾಖ ಸಿಗುತ್ತದೆ. ಆದರೆ ಗಾಳಿ ಒಂದು ಕಡೆಯಿಂದ ಬಂದು ಇನ್ನೊಂದು ಕಡೆಯಿಂದ ಹೋಗಲು ದಾರಿಯೇ ಇಲ್ಲ. ಅಂಥ ಮನೆಯಲ್ಲಿ ನಾಲ್ಕು ಹುಡುಗರು ಸೇರಿ ಅಡುಗೆ ಮಾಡಿಕೊಂಡಿದ್ದರೆ ನವೆಂಬರ್ ತನಕ ಕಾಯುವ ಮಾತೇ ಬೇಡ.

ಎಲ್ಲಾ ಮಾಡಿದರೂ ಬೂಷ್ಟು ಹೋಗಲಿಲ್ಲವಾ? ಹಾಗಾದರೆ ತಪ್ಪು ಮನೆಯದು. ಸೂರು ಸೋರುತ್ತಿರಬಹುದು, ಎಕ್ಸಾಸ್ಟ್ ಫ್ಯಾನ್ ಕೆಟ್ಟಿರಬಹುದು, ಬಾಯ್ಲರ್‌ಗೆ ಶಕ್ತಿ ಇಲ್ಲದಿರಬಹುದು. ಫೋಟೋ ತೆಗೆದು, ತಾರೀಖು ಹಾಕಿ, ಮಾಲೀಕರಿಗೆ ಬರವಣಿಗೆಯಲ್ಲಿ ತಿಳಿಸಿ. ಹೀಟಿಂಗ್ ಮತ್ತು ಬಿಸಿನೀರಿನ ವ್ಯವಸ್ಥೆಯನ್ನು ಸುಸ್ಥಿತಿಯಲ್ಲಿ ಇಡುವುದು ಮಾಲೀಕರ ಕೆಲಸ ಎಂದು ಮನೆ ಮಾಲೀಕರು, ಬಾಡಿಗೆದಾರರ ಕುರಿತ 1985ರ ಕಾಯ್ದೆಯೇ ಹೇಳುತ್ತದೆ. "ನೀವು ಅಡುಗೆ ಜಾಸ್ತಿ ಮಾಡ್ತೀರಿ, ಅದಕ್ಕೇ" ಎಂಬ ಉತ್ತರ ಬಂದರೆ ತಲೆ ತಗ್ಗಿಸಿಕೊಂಡು ಸುಮ್ನಾಗಬೇಡಿ. ರಾಚ್‌ಡೇಲ್‌ನಲ್ಲಿ 2020ರ ಡಿಸೆಂಬರ್‌ನಲ್ಲಿ ಅವಾಬ್ ಇಶಾಕ್ ಎಂಬ ಎರಡು ವರ್ಷದ ಮಗು ತೀರಿಕೊಂಡಿತು. ಮನೆಯ ಬೂಷ್ಟಿನಲ್ಲೇ ಬಹಳ ಕಾಲ ಉಸಿರಾಡಿದ್ದೇ ಕಾರಣ ಎಂದು 2022ರಲ್ಲಿ ವಿಚಾರಣೆ ಹೇಳಿತು. ಆ ಮಗುವಿನ ತಂದೆ ವರ್ಷಗಳಿಂದ ದೂರು ಕೊಡುತ್ತಲೇ ಬಂದಿದ್ದರು. ಸುಡಾನ್‌ನಿಂದ ಬಂದ ಕುಟುಂಬ ಅದು. ಅವರು ಬದುಕುವ ರೀತಿಯೇ ಸರಿಯಿಲ್ಲ ಎಂದು ಅವರ ಮೇಲೇ ಹೊರಿಸಲಾಗಿತ್ತು. ಈಗ ಆ ಮಗುವಿನ ಹೆಸರಲ್ಲೇ ಕಾನೂನು ಬಂದಿದೆ. 2025ರ ಅಕ್ಟೋಬರ್‌ನಿಂದ ಇಂಗ್ಲೆಂಡಿನ ಕೌನ್ಸಿಲ್ (ಸ್ಥಳೀಯ ಆಡಳಿತ) ಮತ್ತು ಹೌಸಿಂಗ್ ಅಸೋಸಿಯೇಷನ್ (ಲಾಭಕ್ಕಲ್ಲದ ವಸತಿ ಸಂಸ್ಥೆ) ಬಾಡಿಗೆಗೆ ಕೊಡುವ ಮನೆಗಳಲ್ಲಿ ತೇವ, ಬೂಷ್ಟಿನ ದೂರು ಬಂದರೆ ಗೊತ್ತುಮಾಡಿದ ಗಡುವಿನೊಳಗೆ ಬಂದು ನೋಡಲೇಬೇಕು. ಈ ಕಥೆ ನೆನೆದಾಗಲೆಲ್ಲ ನನಗೆ ಹೊಟ್ಟೆ ಉರಿಯುತ್ತದೆ. ಹೊರಗಿನಿಂದ ಬಂದವರು ಎಂಬ ಒಂದೇ ಕಾರಣಕ್ಕೆ ನಾವು ನಮ್ಮದೇ ತಪ್ಪು ಅಂದುಕೊಂಡು ಸಹಿಸುವುದು ಜಾಸ್ತಿ.

ದುಡ್ಡಿನ ಮಾತಿಗೆ ಬರೋಣ. ಹೀಟಿಂಗ್ ದುಬಾರಿ ಅಂತ ಹೆದರಿ ಅಂಗಡಿಯಿಂದ ಇಪ್ಪತ್ತು ಪೌಂಡಿನ ಫ್ಯಾನ್ ಹೀಟರ್ ತರುತ್ತಾರೆ. 2025ರ ಕೊನೆಯ ದರದಲ್ಲಿ ಕರೆಂಟು ಯೂನಿಟ್ಟಿಗೆ ಸುಮಾರು 26 ಪೆನ್ಸ್, ಗ್ಯಾಸ್ ಸುಮಾರು 6 ಪೆನ್ಸ್ ಇತ್ತು. ಆ ಲೆಕ್ಕದಲ್ಲಿ ಎರಡು ಕಿಲೋವ್ಯಾಟ್ ಹೀಟರ್ ಒಂದು ಗಂಟೆ ಉರಿದರೆ 52 ಪೆನ್ಸ್. ಅಷ್ಟೇ ಶಾಖ ಗ್ಯಾಸ್ ಬಾಯ್ಲರ್‌ನಿಂದ ಸ್ವಲ್ಪ ಪೋಲಾಗುವುದನ್ನು ಸೇರಿಸಿದರೂ ಸುಮಾರು 14 ಪೆನ್ಸಿಗೆ ಸಿಗುತ್ತಿತ್ತು. ಒಬ್ಬರೇ ಒಂದು ಕೋಣೆಯಲ್ಲಿ ಅರ್ಧ ಗಂಟೆ ಕೂರುವುದಾದರೆ ಹೀಟರ್ ಸರಿ. ಸಂಜೆಯೆಲ್ಲ ಅದನ್ನೇ ಉರಿಸಿದರೆ ಉಳಿತಾಯ ಎಲ್ಲಿಂದ ಬರಬೇಕು? ಇನ್ನೊಂದು ವಿಷಯ. ಗ್ಯಾಸ್, ಕರೆಂಟಿನ ಮೇಲ್ವಿಚಾರಣೆ ಮಾಡುವ ಸಂಸ್ಥೆಯಾದ ಆಫ್‌ಜೆಮ್‌ನ ಪ್ರೈಸ್ ಕ್ಯಾಪ್ ಮಿತಿ ಹಾಕುವುದು ದರಕ್ಕೆ ಮಾತ್ರ, ನಿಮ್ಮ ಒಟ್ಟು ಬಿಲ್ಲಿಗಲ್ಲ. ಎಷ್ಟು ಉರಿಸಿದರೂ ಇಷ್ಟೇ ಬಿಲ್ ಅಂತ ನಂಬಿಕೊಂಡವರನ್ನು ನಾನು ಕಂಡಿದ್ದೇನೆ.

ಥರ್ಮೋಸ್ಟಾಟ್ ಅನ್ನು 25ಕ್ಕೆ ತಿರುಗಿಸಿದರೆ ಮನೆ ಬೇಗ ಬಿಸಿಯಾಗುವುದಿಲ್ಲ. ಬಾಯ್ಲರ್ ಅದೇ ವೇಗದಲ್ಲಿ ಉರಿಯುತ್ತದೆ, ನೀವು ಮರೆತರೆ 25ರ ತನಕ ಉರಿಯುತ್ತಲೇ ಇರುತ್ತದೆ, ಅಷ್ಟೇ. 18 ಅಥವಾ 19ಕ್ಕೆ ಇಟ್ಟು, ಬೆಳಿಗ್ಗೆ ಏಳುವ ಹೊತ್ತಿಗೆ ಸ್ವಲ್ಪ, ಸಂಜೆ ಸ್ವಲ್ಪ ಟೈಮರ್ ಹಾಕಿ. ಟ್ಯಾಂಕ್ ಇಲ್ಲದೆ ಬೇಕಾದಾಗಲೇ ನೀರು ಕಾಯಿಸಿಕೊಡುವ ಕಾಂಬಿ ಬಾಯ್ಲರ್ ಆದರೆ ರೇಡಿಯೇಟರಿಗೆ ಹೋಗುವ ನೀರಿನ ಉಷ್ಣತೆಯನ್ನು 60ಕ್ಕೆ ಇಳಿಸಿ. ಮನೆ ನಿಧಾನವಾಗಿ ಬಿಸಿಯಾಗುತ್ತದೆ, ಗ್ಯಾಸ್ ಕಡಿಮೆ ಸಾಕಾಗುತ್ತದೆ. ಬಿಸಿನೀರಿನ ದೊಡ್ಡ ಟ್ಯಾಂಕ್ ಇರುವ ಮನೆಯಲ್ಲಿ ಮಾತ್ರ ಇದನ್ನು ಸುಮ್ನೆ ಮುಟ್ಟಬೇಡಿ. ಟ್ಯಾಂಕಿನ ನೀರು 60 ಡಿಗ್ರಿ ಇರಬೇಕು, ಇಲ್ಲದಿದ್ದರೆ ಲೀಜಿಯೊನೆಲ್ಲಾ ಬ್ಯಾಕ್ಟೀರಿಯಾ ಬೆಳೆಯಬಹುದು.

ಮತ್ತೆ, ಹಾಕುವ ದಿನ ಯಾವುದೇ ಇರಲಿ, ಸೆಪ್ಟೆಂಬರ್ ಮೊದಲ ವಾರದಲ್ಲೇ ಒಮ್ಮೆ ಕಾಲು ಗಂಟೆ ಓಡಿಸಿ ನೋಡಿ. ಬೇಸಿಗೆಯೆಲ್ಲ ನಿಂತಿದ್ದ ಪಂಪು, ವಾಲ್ವು ಜಾಮ್ ಆಗಿರುವುದು ಆಗ ಗೊತ್ತಾಗುತ್ತದೆ. ಮೊದಲ ಚಳಿ ಬಿದ್ದ ವಾರ ಗ್ಯಾಸ್ ಎಂಜಿನಿಯರ್ ಸಿಗುವುದು ಕಷ್ಟ. ಬಾಯ್ಲರ್ ತಣ್ಣಗಿದ್ದಾಗ ಒತ್ತಡದ ಮುಳ್ಳು 1 ಮತ್ತು 1.5 ಬಾರ್ ನಡುವೆ ಇರಲಿ. ರೇಡಿಯೇಟರ್ ಕೆಳಗೆ ಬಿಸಿ, ಮೇಲೆ ತಣ್ಣಗಿದ್ದರೆ ಒಳಗೆ ಗಾಳಿ ಸೇರಿದೆ ಅಂತ. ಹೀಟಿಂಗ್ ನಿಲ್ಲಿಸಿ, ಅದು ತಣ್ಣಗಾದ ಮೇಲೆ, ಮೇಲಿನ ಮೂಲೆಯ ಚೌಕ ತಿರುಪಿಗೆ ಸಣ್ಣ ಕೀಲಿ ಹಾಕಿ ಕಾಲು ಸುತ್ತು ತಿರುಗಿಸಿ. ಕೆಳಗೆ ಹಳೇ ಬಟ್ಟೆ ಹಿಡಿಯಿರಿ. ಬುಸ್ ಅಂತ ಗಾಳಿ ಹೋಗುತ್ತದೆ, ಆಮೇಲೆ ಕಪ್ಪು ನೀರು ಹನಿಯುತ್ತದೆ. ಹನಿ ಬಂದ ಕೂಡಲೇ ಬಿಗಿ ಮಾಡಿ. ಮತ್ತೆ ಬಾಯ್ಲರ್ ಒತ್ತಡ ನೋಡಿ, ಇಳಿದಿರುತ್ತದೆ. ಗ್ಯಾಸ್ ಬಾಯ್ಲರ್ ಇರುವ ಕೋಣೆಯಲ್ಲಿ ಕಾರ್ಬನ್ ಮಾನಾಕ್ಸೈಡ್ ಅಲಾರಂ ಇದೆಯಾ ನೋಡಿ, ಅದರ ಗುಂಡಿಯನ್ನು ಒತ್ತಿ ಪರೀಕ್ಷಿಸಿ. ಆ ಗ್ಯಾಸಿಗೆ ವಾಸನೆಯೂ ಇಲ್ಲ, ಬಣ್ಣವೂ ಇಲ್ಲ. ಬಾಡಿಗೆ ಮನೆಯಲ್ಲಿ ಅಲಾರಂ ಹಾಕಿಸುವುದು 2022ರ ಅಕ್ಟೋಬರ್‌ನಿಂದ ಮಾಲೀಕರ ಹೊಣೆ.

ಕೊನೆಗೆ, ಅಕ್ಟೋಬರ್‌ನಲ್ಲಿ ಊರಿಂದ ಅಪ್ಪ ಅಮ್ಮ ಬರುವವರಿದ್ದರೆ ಮೇಲಿನ ಲೆಕ್ಕವನ್ನೆಲ್ಲ ಅವರಿಗೆ ಹಚ್ಚಬೇಡಿ. ಅವರು ವಿಮಾನ ಇಳಿಯುವ ಎರಡು ದಿನ ಮುಂಚೆಯೇ ಹಾಕಿ, 21ಕ್ಕೆ ಇಡಿ. ಗಾಳಿ ಒಂದು ಗಂಟೆಯಲ್ಲಿ ಬಿಸಿಯಾಗುತ್ತದೆ, ಗೋಡೆಗೆ ಹೊತ್ತು ಬೇಕು. ಅವರು ಮಲಗುವ ಕೋಣೆಯ ರೇಡಿಯೇಟರ್ ವಾಲ್ವ್ ತೆರೆದಿದೆಯಾ ಅಂತ ಕೈಯಿಟ್ಟು ನೋಡಿ. "ಚಳಿ ಆಗ್ತಿದೆಯಾ ಅಮ್ಮಾ?" ಅಂತ ಕೇಳಿದರೆ "ಇಲ್ಲಪ್ಪಾ, ಪರವಾಗಿಲ್ಲ" ಎಂದೇ ಹೇಳುತ್ತಾರೆ. ಮಕ್ಕಳ ಬಿಲ್ಲು ಜಾಸ್ತಿ ಆಗುತ್ತದೆ ಅಂತ ಶಾಲು ಹೊದ್ದು ಕೂರುತ್ತಾರೆ. ಅವರನ್ನು ಕೇಳಬೇಡಿ, ಥರ್ಮಾಮೀಟರ್ ನೋಡಿ ಹಾಕಿಬಿಡಿ.