ಸೂರ್ಯನಿಲ್ಲದ ಊರಿನಲ್ಲಿ ಐದು ರಾತ್ರಿ

ವಿಮಾನ ಟ್ರೋಮ್ಸೋದಲ್ಲಿ ಇಳಿದಾಗ ಮಧ್ಯಾಹ್ನ ಎರಡೂವರೆ. ಹೊರಗೆ ಆಗಲೇ ದೀಪ ಹಚ್ಚುವ ಹೊತ್ತು. ಹಿಮ, ಸಮುದ್ರ, ಬೆಟ್ಟ, ಮನೆಗಳ ಮಾಡು ಎಲ್ಲವನ್ನೂ ಒಂದೇ ನೀಲಿಯಲ್ಲಿ ಅದ್ದಿ ತೆಗೆದ ಹಾಗಿತ್ತು. ಅಕ್ಕ ಕೈಗಡಿಯಾರ ನೋಡಿದಳು, ಮತ್ತೆ ಕಿಟಕಿಯತ್ತ ನೋಡಿದಳು. "ಇಲ್ಲಿ ಸೂರ್ಯ ಮುಳುಗಿದ್ದು ನವೆಂಬರಿನಲ್ಲಿ ಕಣೇ. ಇನ್ನೂ ಎದ್ದಿಲ್ಲ" ಎಂದಳು.

ಅದು 2025ರ ಜನವರಿ 16. ಟ್ರೋಮ್ಸೋ ಇರುವುದು ನಾರ್ವೆಯ ಉತ್ತರದಲ್ಲಿ, ಆರ್ಕ್ಟಿಕ್ ವೃತ್ತದಿಂದಲೂ ಸುಮಾರು 350 ಕಿಲೋಮೀಟರ್ ಮೇಲೆ. ನವೆಂಬರ್ 27ರ ಹೊತ್ತಿಗೆ ಕ್ಷಿತಿಜದ ಕೆಳಗಿಳಿದ ಸೂರ್ಯ ಜನವರಿ ನಡುವಿನವರೆಗೆ ಮೇಲೆ ಬರುವುದಿಲ್ಲ. ಬಂದ ಮೇಲೂ ದಕ್ಷಿಣದ ಬೆಟ್ಟಸಾಲು ಅಡ್ಡ. ಹಾಗಾಗಿ ಊರಿನ ಬೀದಿಗೆ ಮೊದಲ ಬಿಸಿಲು ಬೀಳುವುದು ಜನವರಿ 21ಕ್ಕೆ ಎಂದು ಊರವರ ಲೆಕ್ಕ. ನಾವು ಧ್ರುವಪ್ರಭೆ, ಅಂದರೆ ಧ್ರುವದ ಕಡೆಯ ರಾತ್ರಿಯ ಆಕಾಶದಲ್ಲಿ ಆಡುವ ಬಣ್ಣದ ಬೆಳಕು, ನೋಡಲೆಂದು ಕತ್ತಲೆಯನ್ನೇ ಅರಸಿಕೊಂಡು ಹೋಗಿದ್ದೆವು. ಅಲ್ಲಿ ಊರಿಗೆ ಊರೇ ಬೆಳಕಿನ ದಿನ ಎಣಿಸುತ್ತಾ ಕೂತಿದೆ ಎಂಬುದು ನಮ್ಮ ತಲೆಗೆ ಹೊಳೆದಿರಲಿಲ್ಲ.

ಈ ಪ್ರವಾಸ ಅಕ್ಕನ ಆಸೆ. ಮೈಸೂರಿನ ಹೈಸ್ಕೂಲಿನಲ್ಲಿ ಇಪ್ಪತ್ತೆರಡು ವರ್ಷದಿಂದ ವಿಜ್ಞಾನ ಪಾಠ ಮಾಡುವವಳು. ಕಾಗದದ ಮೇಲೆ ಕಬ್ಬಿಣದ ಪುಡಿ ಉದುರಿಸಿ, ಕೆಳಗೆ ಅಯಸ್ಕಾಂತ ಹಿಡಿದು, ಪುಡಿ ಕಮಾನು ಕಮಾನಾಗಿ ಸಾಲುಗಟ್ಟುವುದನ್ನು ಪ್ರತಿ ವರ್ಷ ಮಕ್ಕಳಿಗೆ ತೋರಿಸುತ್ತಾಳೆ. ಆ ಕಮಾನುಗಳು ಆಕಾಶದಲ್ಲಿ ಕಣ್ಣಿಗೆ ಕಾಣುವ ಜಾಗ ಇದೆಯಂತೆ, ಒಮ್ಮೆ ನೋಡಬೇಕು ಎಂದು ಹತ್ತು ವರ್ಷದಿಂದ ಹೇಳುತ್ತಿದ್ದಳು. ಸಂಕ್ರಾಂತಿಯ ಮರುದಿನವೇ ಹೊರಟಿದ್ದರಿಂದ ಅವಳ ಕೈಚೀಲದಲ್ಲಿ ಅವಲಕ್ಕಿ, ಚಟ್ನಿಪುಡಿಯ ಜೊತೆಗೆ ಒಂದು ಡಬ್ಬಿ ಎಳ್ಳುಬೆಲ್ಲವೂ ಇತ್ತು.

ಮೊದಲ ರಾತ್ರಿ ದೊಡ್ಡ ಬಸ್ಸಿನಲ್ಲಿ ಐವತ್ತು ಜನರೊಡನೆ ಹೋದೆವು. ಸಮುದ್ರದ ದಂಡೆಯಲ್ಲಿ ನಿಲ್ಲಿಸಿದರು. ಮೋಡ ಬೆಟ್ಟದ ಸೊಂಟದವರೆಗೆ ಇಳಿದಿತ್ತು. ಮೂರು ಗಂಟೆ ನಿಂತು ವಾಪಸು ಬಂದೆವು. ಎರಡನೆಯ ರಾತ್ರಿ ಹಿಮ ಸುರಿಯಿತು. ಮೂರನೆಯ ರಾತ್ರಿಯೂ ಸುರಿಯಿತು. ಕೋಣೆಯಲ್ಲಿ ಕೂತು ಬಿಸಿನೀರಿನಲ್ಲಿ ಅವಲಕ್ಕಿ ನೆನೆಸಿ ತಿಂದೆವು. ಬೆಚ್ಚನೆಯ ಗಲ್ಫ್ ಸ್ಟ್ರೀಮ್ ಪ್ರವಾಹ ಈ ಕರಾವಳಿಯನ್ನು ಸವರಿಕೊಂಡು ಹೋಗುತ್ತದೆ. ಅದರ ದೆಸೆಯಿಂದ ಇಲ್ಲಿ ಸಮುದ್ರ ಹೆಪ್ಪುಗಟ್ಟುವುದಿಲ್ಲ, ಜನವರಿಯಲ್ಲೂ ಚಳಿ ಸೊನ್ನೆಯ ಕೆಳಗೆ ನಾಲ್ಕೈದು ಡಿಗ್ರಿಯ ಆಸುಪಾಸಿನಲ್ಲೇ ಇರುತ್ತದೆ. ಮೋಡ ಕವಿಯುವುದೂ ಇದೇ ಬೆಚ್ಚನೆಯ ಕಡಲಿನಿಂದ. ಹೊನ್ನಾವರದ ಕಡೆ ಹುಟ್ಟಿದ ನಮಗೆ ಕಡಲಿನ ಈ ಸ್ವಭಾವ ಹೊಸದೇನಲ್ಲ. ಕಡಲು ಕೊಡುವುದನ್ನು ಕೊಟ್ಟು, ಆಕಾಶವನ್ನು ಮಾತ್ರ ಮುಚ್ಚಿಬಿಡುತ್ತದೆ.

ಆದರೆ ಆ ಹಗಲುಗಳ ಬಗ್ಗೆ ಹೇಳಲೇಬೇಕು. ಧ್ರುವಪ್ರಭೆಯ ಗಲಾಟೆಯಲ್ಲಿ ಇವುಗಳನ್ನು ಯಾರೂ ಹೇಳುವುದಿಲ್ಲ. ಧ್ರುವರಾತ್ರಿ ಎಂದರೆ ಗವ್ವೆನ್ನುವ ಕತ್ತಲೆ ಎಂದುಕೊಂಡಿದ್ದೆ, ಅದು ತಪ್ಪು. ಬೆಳಿಗ್ಗೆ ಒಂಬತ್ತರ ಮೇಲೆ ಮೆಲ್ಲಗೆ ನೀಲಿ ಬಿಡುತ್ತದೆ. ಹನ್ನೊಂದಕ್ಕೆ ದಕ್ಷಿಣದ ಬೆಟ್ಟಗಳ ಬೆನ್ನ ಮೇಲೆ ಅರಿಶಿನ ಕದಡಿದ ನೀರಿನ ಬಣ್ಣ, ಅದರ ಮೇಲೆ ತೆಳು ಗುಲಾಬಿ. ನಮ್ಮಲ್ಲಿ ಹತ್ತು ನಿಮಿಷದಲ್ಲಿ ಮುಗಿದುಹೋಗುವ ಅರುಣೋದಯ ಇಲ್ಲಿ ಗಂಟೆಗಟ್ಟಲೆ ಹಾಗೇ ನಿಂತಿರುತ್ತದೆ. ಉದಯ ಯಾವಾಗ ಅಸ್ತವಾಯಿತೋ ತಿಳಿಯುವುದಿಲ್ಲ. ಮೂರಕ್ಕೆ ಮತ್ತೆ ನೀಲಿ. ಈ ಬೆಳಕಿನಲ್ಲಿ ಯಾವುದಕ್ಕೂ ನೆರಳಿಲ್ಲ. ಇಬ್ಬರೂ ಟ್ರೋಮ್ಸೋ ಸೇತುವೆಯ ಮೇಲೆ, ಒಂದು ಕಿಲೋಮೀಟರಿಗೂ ತುಸು ಹೆಚ್ಚು ದೂರ, ಗಾಳಿಗೆ ಮುಖ ಕೊಟ್ಟು ನಡೆದೆವು. ಆಚೆ ದಡದಲ್ಲಿ 1965ರಲ್ಲಿ ಕಟ್ಟಿದ ಆರ್ಕ್ಟಿಕ್ ಕೆಥೆಡ್ರಲ್ ಮಂಜುಗಡ್ಡೆಯ ತ್ರಿಕೋನ ಚೂರುಗಳನ್ನು ಒಂದರ ಹಿಂದೊಂದು ನಿಲ್ಲಿಸಿದಂತೆ ಹೊಳೆಯುತ್ತಿತ್ತು. ಸಿಕ್ಕವರೆಲ್ಲ ದಕ್ಷಿಣದ ಕಡೆ ಒಮ್ಮೆ ನೋಡಿಯೇ ಮುಂದೆ ಹೋಗುತ್ತಿದ್ದರು.

ಜನವರಿ 19ರ ಮಧ್ಯಾಹ್ನ ಒಂದು ಚಿಕ್ಕ ವ್ಯಾನಿನಲ್ಲಿ ಎರಡು ಜಾಗ ಸಿಕ್ಕಿತು. ನಮ್ಮನ್ನು ಸೇರಿಸಿ ಎಂಟು ಜನ. ಓಡಿಸುವವನೇ ಮಾರ್ಗದರ್ಶಿ. ಉಪಗ್ರಹದ ಮೋಡದ ಚಿತ್ರ ತೋರಿಸಿ, "ಕರಾವಳಿ ಪೂರ್ತಿ ಮುಚ್ಚಿದೆ. ಬೆಟ್ಟ ದಾಟಿ ಫಿನ್ಲೆಂಡಿಗೆ ಹೋಗೋಣ, ಅಲ್ಲಿ ತೆರೆದಿದೆ" ಎಂದ. ಹೋಗುವವರಿಗೆ ನನ್ನ ಮಾತು ಇಷ್ಟೇ: ದುಡ್ಡು ಉಳಿಸುವುದಿದ್ದರೆ ಬೇರೆಲ್ಲಿಯಾದರೂ ಉಳಿಸಿ. ಆಕಾಶ ತೆರೆದಿರುವ ಕಡೆಗೆ ಎಷ್ಟು ದೂರವಾದರೂ ಕರೆದುಕೊಂಡು ಹೋಗುವವರ ಜೊತೆ ಹೋಗಿ, ಕನಿಷ್ಠ ನಾಲ್ಕೈದು ರಾತ್ರಿ ಇಟ್ಟುಕೊಂಡು ಹೋಗಿ.

ಇ8 ಹೆದ್ದಾರಿಯಲ್ಲಿ ಫ್ಯೋರ್ಡ್‌ಗಳ, ಅಂದರೆ ಬೆಟ್ಟಗಳ ನಡುವೆ ಒಳಚಾಚಿದ ಕಡಲಿನ, ಅಂಚು ಹಿಡಿದು ಸ್ಕಿಬೋಟ್ನ್ ಊರಿನ ತನಕ, ಅಲ್ಲಿಂದ ಕಣಿವೆಯೊಳಗೆ ಏರುದಾರಿ. ಏರಿದಂತೆ ಚಳಿ ಹೆಚ್ಚುತ್ತಾ ಬಂತು. ಸೊನ್ನೆಯ ಕೆಳಗೆ ಎಂಟು, ಹದಿಮೂರು, ಹತ್ತೊಂಬತ್ತು. ಗಡಿಯಲ್ಲಿ ತಡೆಯಿಲ್ಲ, ಕಾವಲಿಲ್ಲ. ಫೋನಿನ ಗಡಿಯಾರ ಒಂದು ಗಂಟೆ ಮುಂದೆ ಹಾರಿದ್ದರಿಂದ ದೇಶ ಬದಲಾಯಿತೆಂದು ತಿಳಿಯಿತು. ಕಿಲ್ಪಿಸ್‌ಯಾರ್ವಿ ಎಂಬ ಊರಿನ ಆಚೆ, ಹೆಪ್ಪುಗಟ್ಟಿದ ಕೆರೆಯೊಂದರ ಪಕ್ಕ ವ್ಯಾನ್ ನಿಂತಿತು. ಮೇಲೆ ಒಂದು ಚೂರು ಮೋಡವಿಲ್ಲ.

ಅಲ್ಲಿಯ ನಕ್ಷತ್ರಗಳಿಗೇ ಬಂದ ಖರ್ಚು ಸಾರ್ಥಕ. ಆ ತಿಂಗಳು ಭೂಮಿಗೆ ಹತ್ತಿರ ಬಂದಿದ್ದ ಮಂಗಳ ಪುನರ್ವಸುವಿನ ಜೋಡಿ ನಕ್ಷತ್ರಗಳ ಪಕ್ಕ ಕೆಂಡದ ಹಾಗೆ ಕೂತಿದ್ದ. ಅಕ್ಕ ಕುತ್ತಿಗೆ ಹಿಂದಕ್ಕೆ ಬಗ್ಗಿಸಿ ಏನನ್ನೋ ಹುಡುಕುತ್ತಿದ್ದಳು. "ಮದುವೆಯಲ್ಲಿ ಧ್ರುವ ನಕ್ಷತ್ರ ತೋರಿಸಿದ್ದು ನೆನಪುಂಟಾ? ಮೈಸೂರಿನಲ್ಲಿ ಅದು ಹನ್ನೆರಡು ಡಿಗ್ರಿ ಎತ್ತರದಲ್ಲಿರ್ತದೆ, ಮರದ ಮರೆಯಲ್ಲೇ ಹೋಗ್ತದೆ. ಇಲ್ಲಿ ನೋಡು, ಹತ್ರ ಹತ್ರ ನೆತ್ತಿಗೇ ಬಂತು." ಪುರೋಹಿತರು ತೋರಿಸಿದ ಕಡೆ ಕೈಮುಗಿದಿದ್ದೆನೇ ಹೊರತು ಆ ನಕ್ಷತ್ರವನ್ನು ಕಣ್ಣಾರೆ ಗುರುತಿಸಿದ್ದು ಅವತ್ತೇ ಮೊದಲು.

ಮಾರ್ಗದರ್ಶಿ ಹಿಮದಲ್ಲಿ ಗುಂಡಿ ತೋಡಿ ಬೆಂಕಿ ಹಾಕಿದ. ಒಳಗೆ ಉಣ್ಣೆ, ಅದರ ಮೇಲೆ ಮತ್ತೊಂದು ಉಣ್ಣೆ, ಹೊರಗೆ ಅವರು ಕೊಟ್ಟ ದಪ್ಪ ಉಡುಪು. ಆದರೂ ಚಳಿ ಪಾದದಿಂದಲೇ ಹತ್ತುತ್ತಿತ್ತು. ಫೋನಿನ ಬ್ಯಾಟರಿ ಅರ್ಧ ಇದ್ದದ್ದು ಒಮ್ಮೆಲೇ ಆರಿಹೋಯಿತು. ಅದನ್ನು ಒಳ ಅಂಗಿಯ ಜೇಬಿನಲ್ಲಿ ಮೈಗೆ ತಾಗಿಸಿ ಇಟ್ಟುಕೊಳ್ಳಬೇಕು ಎಂದ. ಕಂದು ಬಣ್ಣದ ನಾರ್ವೆಯ ಚೀಸನ್ನು ಬ್ರೆಡ್ಡಿನ ಮೇಲಿಟ್ಟು ಕೊಟ್ಟ. ಹಾಲೊಡೆದು ಉಳಿದ ನೀರನ್ನು ಕುದಿಸಿ ಕುದಿಸಿ ಮಾಡುವ ತಿನಿಸು, ಬಾಯಿಗಿಟ್ಟರೆ ಧಾರವಾಡ ಪೇಡದ ಕಂಪು. ಅಕ್ಕ ಡಬ್ಬಿ ತೆರೆದು ಅವನ ಅಂಗೈಗೆ ಎಳ್ಳುಬೆಲ್ಲ ಹಾಕಿದಳು. ಸೂರ್ಯ ಉತ್ತರಕ್ಕೆ ತಿರುಗುವ ಹಬ್ಬ ಎಂದು ಇಂಗ್ಲಿಷಿನಲ್ಲಿ ಹೇಳಿದಾಗ ಅವನು ತಟ್ಟನೆ, "ನಮಗೂ ನಾಡಿದ್ದು ಅದೇ ಹಬ್ಬ" ಎಂದ.

ಅವನೇ ಹೇಳಿದ ಇನ್ನೊಂದು ಮಾತು: ಇಲ್ಲಿಯ ಮೂಲನಿವಾಸಿ ಸಾಮಿಗಳ ಮನೆಗಳಲ್ಲಿ, ಬೆಳಕು ಆಡುತ್ತಿರುವಾಗ ಶಿಳ್ಳೆ ಹಾಕಬಾರದು ಎಂದು ಮಕ್ಕಳಿಗೆ ಹೇಳುತ್ತಿದ್ದರಂತೆ. ಹಾಕಿದರೆ ಅದು ಕೆಳಗಿಳಿದು ಎತ್ತಿಕೊಂಡು ಹೋಗುತ್ತದೆ. ನಾನೂ ಅಕ್ಕನೂ ಮುಖ ಮುಖ ನೋಡಿಕೊಂಡೆವು. ರಾತ್ರಿ ಶಿಳ್ಳೆ ಹಾಕಿದರೆ ಹಾವು ಬರುತ್ತದೆಂದು ನಮ್ಮ ಅಜ್ಜಿ ಗದರುತ್ತಿದ್ದಳು. ಫಿನ್ನಿಷ್ ಭಾಷೆಯಲ್ಲಿ ಈ ಬೆಳಕಿನ ಹೆಸರು ನರಿಯ ಬೆಂಕಿ. ನರಿ ಓಡುತ್ತಾ ಬಾಲದಿಂದ ಹಿಮ ಚಿಮ್ಮಿಸಿದಾಗ ಏಳುವ ಕಿಡಿ.

ಒಂಬತ್ತೂವರೆಯ ಹೊತ್ತಿಗೆ ಉತ್ತರದಲ್ಲಿ ಬೂದಿಬಣ್ಣದ ಒಂದು ಪಟ್ಟಿ ಕಂಡಿತು. ತೆಳು ಮೋಡವೆಂದೇ ನಂಬಿದ್ದೆ. ಮಾರ್ಗದರ್ಶಿಯ ಕ್ಯಾಮೆರಾದಲ್ಲಿ ಅದು ಎಳೆ ಹಸಿರು. ಇದನ್ನು ಮೊದಲೇ ತಿಳಿದಿದ್ದರೆ ಒಳ್ಳೆಯದು: ಕತ್ತಲೆಯಲ್ಲಿ ನಮ್ಮ ಕಣ್ಣಿಗೆ ಬಣ್ಣ ಹಿಡಿಯುವ ಶಕ್ತಿ ಕಡಿಮೆ. ಮಂದ ಪ್ರಭೆ ಬರಿಗಣ್ಣಿಗೆ ಬೂದಿಯಾಗಿಯೇ ಕಾಣುತ್ತದೆ. ಬೆಳಕು ಗಟ್ಟಿಯಾದಾಗಲೇ ಹಸಿರು. ಫೋಟೋದ ಬಣ್ಣವನ್ನೇ ಮನಸ್ಸಿನಲ್ಲಿಟ್ಟುಕೊಂಡು ಹೋದವರು ಈ ಬೂದಿಪಟ್ಟಿ ನೋಡಿ ನಿರಾಶರಾಗಿ ವ್ಯಾನಿನೊಳಗೆ ಕೂತುಬಿಡುತ್ತಾರೆ. ನಮ್ಮ ಗುಂಪಿನಲ್ಲೂ ಇಬ್ಬರು ಹಾಗೆ ಹೋದರು. ನಾನೂ ಬೆಂಕಿಯ ಪಕ್ಕ ಕೂತು ತೂಕಡಿಸತೊಡಗಿದೆ.

"ಏಳೇ! ತಲೆ ಎತ್ತೇ ಮಾರಾಯ್ತಿ!"

ಚಿಕ್ಕಂದಿನಲ್ಲಿ ಬಯಲಾಟಕ್ಕೆ ಹೋದರೆ ನಡುರಾತ್ರಿಯ ಹೊತ್ತಿಗೆ ಕಂಬಳಿಯಲ್ಲಿ ಮಲಗಿಬಿಡುತ್ತಿದ್ದೆ. ಬಣ್ಣದ ವೇಷ ಬರುವಾಗ ಎಬ್ಬಿಸುತ್ತಿದ್ದದ್ದು ಇದೇ ಅಕ್ಕ, ಇದೇ ಕೂಗು. ಇಬ್ಬರು ತೆರೆ ಹಿಡಿದು ನಿಂತಿರುತ್ತಾರೆ. ತೆರೆಯ ಮೇಲೆ ಮೊದಲು ಕಿರೀಟದ ತುದಿ. ಆಮೇಲೆ ಬೆರಳುಗಳು ಅಂಚು ಹಿಡಿದು ಅಲುಗಿಸುತ್ತವೆ. ಚೆಂಡೆ ಏರುತ್ತದೆ, ದೊಂದಿಗೆ ರಾಳ ಎರಚುತ್ತಾರೆ, ಭಗ್ಗೆಂದು ಉರಿ. ತಲೆ ಎತ್ತಿದಾಗ ಕಂಡದ್ದು ಆ ತೆರೆಯೇ. ಪೂರ್ವದಿಂದ ಪಶ್ಚಿಮದವರೆಗೆ ಕಟ್ಟಿದ ಹಸಿರು ತೆರೆ. ಅದರ ಅಂಚನ್ನು ಯಾರೋ ಹಿಂದಿನಿಂದ ಹಿಡಿದು ಜಗ್ಗುತ್ತಿದ್ದರು. ಮಡಿಕೆಗಳು ಒಂದು ತುದಿಯಿಂದ ಇನ್ನೊಂದು ತುದಿಗೆ ಓಡುತ್ತಿದ್ದವು. ಕೆಳ ಅಂಚಿನಲ್ಲಿ ಕೆನ್ನೀಲಿ ಗುಲಾಬಿಯ ಗೆರೆ ಮಿಂಚಿ ಮಾಯವಾಗುತ್ತಿತ್ತು. ಒಮ್ಮೆಲೇ ಅದು ನೆತ್ತಿಯ ಮೇಲೆ ಒಡೆದು, ಎಲ್ಲ ಕಡೆಗೂ ಕಿರಣಗಳಾಗಿ ಇಳಿಯಿತು. ಹಿಮದ ಮೇಲೆ, ಅಕ್ಕನ ಮುಖದ ಮೇಲೆ ಹಸಿರು.

ಶಬ್ದ ಮಾತ್ರ ಇಲ್ಲ. ಇಷ್ಟು ದೊಡ್ಡದು ಕುಣಿಯುವಾಗ ಚೆಂಡೆ ಬಡಿಯಲೇಬೇಕು ಎಂದು ನನ್ನ ಮೈ ಕಾಯುತ್ತಿತ್ತು. ಕಿವಿಗೆ ಬಿದ್ದದ್ದು ಕಾಲಡಿಯ ಹಿಮ ಕರಕರ ಎಂದದ್ದು, ಯಾರದೋ ಉಸಿರು, ಅಷ್ಟೇ. ಸಾಮಿ ಭಾಷೆಯಲ್ಲಿ ಇದರ ಹೆಸರಿಗೆ 'ಕಿವಿಗೆ ಕೇಳುವ ಬೆಳಕು' ಎಂದು ಅರ್ಥ ಹೇಳುತ್ತಾರೆ. ಆ ಮೌನದಲ್ಲಿ ನಿಂತಾಗ ಆ ಹೆಸರು ಯಾಕೆ ಬಂತೆಂದು ಅರ್ಥವಾಗುತ್ತದೆ.

ಇಪ್ಪತ್ತು ನಿಮಿಷದಲ್ಲಿ ಅದು ಮಂಕಾಯಿತು. ಆಮೇಲೆ ಅಕ್ಕ ಮಾತಾಡಿದಳು, ಮಕ್ಕಳಿಗೆ ಹೇಳುವ ದನಿಯಲ್ಲೇ. ಸೂರ್ಯನಿಂದ ಹೊರಟ ವಿದ್ಯುತ್ ಕಣಗಳ ಗಾಳಿ ಎರಡು ಮೂರು ದಿನದಲ್ಲಿ ಇಲ್ಲಿಗೆ ಮುಟ್ಟುತ್ತದೆ. ಭೂಮಿಯ ಕಾಂತಕ್ಷೇತ್ರ ಅದನ್ನು ತಡೆಯುತ್ತದೆ, ಆ ತಡೆಯಲ್ಲಿ ತಾನೂ ಎಳೆಯಲ್ಪಟ್ಟು ಹಿಂದೆ ಬಾಲದಂತೆ ಉದ್ದವಾಗುತ್ತದೆ. ಆ ಬಾಲದಿಂದ ಚಿಮ್ಮಿದ ಎಲೆಕ್ಟ್ರಾನುಗಳು ಕಾಂತರೇಖೆಗಳನ್ನೇ ಹಿಡಿದು ಧ್ರುವದ ಸುತ್ತ ಇಳಿದು ಗಾಳಿಗೆ ಬಡಿಯುತ್ತವೆ. ನೂರು ಕಿಲೋಮೀಟರಿಗಿಂತ ಮೇಲೆ ಆಮ್ಲಜನಕ ಹಸಿರು ಬೆಳಕು ಕೊಡುತ್ತದೆ. ಇನ್ನೂ ಮೇಲೆ, ಇನ್ನೂರು ದಾಟಿದ ಮೇಲೆ, ಅದೇ ಆಮ್ಲಜನಕ ಕೆಂಪು. "ಹಸಿರು ಬಿಡಲಿಕ್ಕೆ ಒಂದು ಸೆಕೆಂಡೂ ಬೇಡ. ಕೆಂಪಿಗೆ ಹತ್ತಿರ ಹತ್ತಿರ ಎರಡು ನಿಮಿಷ ಬೇಕು. ಅಷ್ಟು ಹೊತ್ತು ಯಾವುದಕ್ಕೂ ಡಿಕ್ಕಿ ಹೊಡೆಯದೆ ಇರಬೇಕಾದರೆ ಗಾಳಿ ಇಲ್ಲವೇ ಇಲ್ಲ ಎನ್ನುವಷ್ಟು ತೆಳುವಾಗಿರಬೇಕು. ಅದಕ್ಕೇ ಕೆಂಪು ಯಾವಾಗಲೂ ಮೇಲೆ." ಕೆಳ ಅಂಚಿನ ಗುಲಾಬಿ ಸಾರಜನಕದ್ದು.

ಇದನ್ನು ಮೊದಲು ಸಾಧಿಸಿ ತೋರಿಸಲು ಹೊರಟವನೂ ನಾರ್ವೆಯವನೇ, ಭೌತವಿಜ್ಞಾನಿ ಕ್ರಿಸ್ಟಿಯಾನ್ ಬಿರ್ಕೆಲಾಂಡ್. 1899ರಲ್ಲಿ ಆಲ್ಟಾ ಬಳಿಯ ಹಾಲ್ಡೆ ಬೆಟ್ಟದ ನೆತ್ತಿಯಲ್ಲಿ ವೀಕ್ಷಣಾಲಯ ಕಟ್ಟಿಸಿ ಚಳಿಗಾಲ ಅಲ್ಲೇ ಕಳೆದ. ಆಮೇಲೆ ಗಾಜಿನ ಪೆಟ್ಟಿಗೆಯಿಂದ ಗಾಳಿ ತೆಗೆದು, ಒಳಗೆ ಅಯಸ್ಕಾಂತವಿರುವ ಪುಟ್ಟ ಗೋಳವಿಟ್ಟು, ಕಣಗಳನ್ನು ಹರಿಸಿ, ಅದರ ಎರಡೂ ಧ್ರುವಗಳ ಸುತ್ತ ಬೆಳಕಿನ ಬಳೆ ಮೂಡಿಸಿದ. ಅಕ್ಕನ ಕಬ್ಬಿಣದ ಪುಡಿಯ ಪಾಠಕ್ಕೆ ಇವನು ಹಿರಿಯಣ್ಣ. ಈಗ ಸೂರ್ಯನತ್ತ 15 ಲಕ್ಷ ಕಿಲೋಮೀಟರ್ ದೂರದ ಎಲ್1 ಎಂಬ ತಾಣದಲ್ಲಿ ಕೂತ ನೌಕೆಗಳು ಆ ಗಾಳಿ ಭೂಮಿಗೆ ಮುಟ್ಟುವ ಮೊದಲೇ ಅಳೆಯುತ್ತವೆ. 2024ರ ಜನವರಿಯಿಂದ ನಮ್ಮ ಆದಿತ್ಯ-ಎಲ್1 ಕೂಡ ಅಲ್ಲೇ ಇದೆ, ಅದರ ಮುಖ್ಯ ದೂರದರ್ಶಕ ತಯಾರಿಸಿದ್ದು ಬೆಂಗಳೂರಿನ ಭಾರತೀಯ ಖಭೌತ ಸಂಸ್ಥೆ ಎಂದು ಅಕ್ಕ ವ್ಯಾನಿನಲ್ಲಿದ್ದ ಎಲ್ಲರಿಗೂ ಹೇಳಿದಳು. ಹೇಳುವಾಗ ಅವಳ ದನಿ ತುಂಬಿ ಬಂದಿತ್ತು.

ಐದನೆಯ ರಾತ್ರಿ ಮತ್ತೆ ಮೋಡ. ನಮಗೆ ಬೇಸರವಾಗಲಿಲ್ಲ, ಗಾಢವಾಗಿ ನಿದ್ದೆ ಮಾಡಿದೆವು.

21ರ ಬೆಳಿಗ್ಗೆ ಬೇಕರಿಗಳ ಮುಂದೆ ಸರತಿ ಸಾಲು. ಸೂರ್ಯ ಮರಳುವ ದಿನ ಊರವರೆಲ್ಲ ಸೂಲ್‌ಬೊಲ್ಲರ್, ಅಂದರೆ ಸೂರ್ಯನ ಬನ್ನು ತಿನ್ನುತ್ತಾರೆ. ಎಣ್ಣೆಯಲ್ಲಿ ಕರಿದು ಒಳಗೆ ಜಾಮ್ ತುಂಬಿದ ಉಂಡೆ. ಕಚೇರಿಗೆ ಹೊರಟವರ ಕೈಯಲ್ಲಿ ಪೆಟ್ಟಿಗೆ ಪೆಟ್ಟಿಗೆ. ನಾವೂ ಎರಡು ಕೊಂಡು ದಕ್ಷಿಣ ಕಾಣುವ ಕಡೆ, ಬಂದರಿನ ಕಟ್ಟೆಗೆ ಹೋಗಿ ನಿಂತೆವು. ಮೋಡ ಪೂರ್ತಿ ಸರಿದಿರಲಿಲ್ಲ. ಹನ್ನೆರಡಕ್ಕೆ ಸ್ವಲ್ಪ ಮುಂಚೆ ಎರಡು ಬೆಟ್ಟಗಳ ನಡುವಿನ ಸಂದಿನಲ್ಲಿ ಬಂಗಾರದ ಒಂದು ಅಂಚು ಕಂಡಿತು. ನಮ್ಮ ಪಕ್ಕ ನಿಂತಿದ್ದ ಮುದುಕಿ ಟೋಪಿ ತೆಗೆದು, ಕಣ್ಣು ಮುಚ್ಚಿ, ಮುಖವನ್ನು ಆ ಕಡೆಗೆ ಹಿಡಿದಳು. ಶಾಲೆಯ ಮಕ್ಕಳು ಕೂಗಿದರು. ಐದು ನಿಮಿಷವೂ ಇರಲಿಲ್ಲ.

ಆ ಐದು ನಿಮಿಷ ಕಟ್ಟೆಯ ಹಿಮದ ಮೇಲೆ ನಮ್ಮ ನೆರಳು ಬಿದ್ದಿತ್ತು, ಉದ್ದಕ್ಕೆ, ನೀರಿನ ತನಕ. ಅಕ್ಕ ಡಬ್ಬಿಯ ತಳದಲ್ಲಿ ಉಳಿದಿದ್ದ ಎಳ್ಳುಬೆಲ್ಲವನ್ನು ಆ ಮುದುಕಿಯ ಕೈಗೆ ಸುರಿದಳು. ಅವಳು ಅದೇನೆಂದು ಕೇಳಲಿಲ್ಲ. ಬಾಯಿಗೆ ಹಾಕಿಕೊಂಡು, ತನ್ನ ಬನ್ನಿನಲ್ಲಿ ಅರ್ಧ ಮುರಿದು ಅಕ್ಕನಿಗೆ ಕೊಟ್ಟಳು.