ಎಟಿಪಿ ಎಲ್ಲಿ ಹೋಯ್ತು?

ಮೂರು ದಿನದಿಂದ ನನ್ನ ಜೀವಕೋಶ ಸರಿಯಾಗಿ ನಲವತ್ತನೇ ಸೆಕೆಂಡಿಗೆ ಸಾಯುತ್ತಿತ್ತು. ಗಾಬರಿ ಬೇಡ, ಕಂಪ್ಯೂಟರಿನೊಳಗೆ ನಾನು ಬರೆದ ಮಾದರಿ ಕೋಶ.

ಅದರಲ್ಲಿ ಮೂರು ಮಾಡ್ಯೂಲ್, ಅಂದರೆ ಪ್ರೋಗ್ರಾಮಿನ ತುಂಡುಗಳು. ಒಂದು ಸಕ್ಕರೆ ಒಡೆದು ಎಟಿಪಿ (ಕೋಶ ಖರ್ಚು ಮಾಡುವ ಶಕ್ತಿಯ ಚಿಲ್ಲರೆ) ಮಾಡುತ್ತದೆ, ಇನ್ನೊಂದು ಜೀನ್‌ನ ನಕಲಾದ ಆರ್‌ಎನ್‌ಎ ಬರೆಯುತ್ತದೆ, ಮತ್ತೊಂದು ಆ ನಕಲು ಓದಿ ಪ್ರೋಟೀನ್ ಕಟ್ಟುತ್ತದೆ. ಬಿಡಿಬಿಡಿಯಾಗಿ ಓಡಿಸಿದರೆ ಮೂರೂ ಜಾಣ ಮಕ್ಕಳು. ಜೋಡಿಸಿದರೆ ಎಟಿಪಿ ಲೆಕ್ಕ ಸೊನ್ನೆಗಿಂತ ಕೆಳಗೆ! ಇಲ್ಲದ್ದನ್ನು ಖರ್ಚು ಮಾಡೋದು ಹೇಗೆ?

ಮಂಡ್ಯದ ಮನೆಯ ಜಗಲಿಯಲ್ಲಿ ಲ್ಯಾಪ್‌ಟಾಪ್ ಇಟ್ಟುಕೊಂಡು ಗೊಣಗುತ್ತಿದ್ದೆ. ಗದ್ದೆಯಿಂದ ಬಂದ ಅಪ್ಪ ಕಾಲು ತೊಳೆಯುತ್ತಾ ಕೇಳಿದರು, "ಏನವ್ವಾ ಅದು?" ಹೇಳಿದೆ. "ಕಾಲುವೇಲಿರೋ ನೀರೆಲ್ಲ ತನ್ನದೇ ಅಂತ ಎಲ್ರೂ ತೂಬು ಎತ್ತಿದ್ರೆ ಇನ್ನೇನಾಗ್ತದೆ?" ಅಂದರು ಅಪ್ಪ.

ಅದೇ ಆಗಿತ್ತು. ಆರ್‌ಎನ್‌ಎ, ಪ್ರೋಟೀನ್ ಎರಡೂ ಇಡೀ ಎಟಿಪಿ ತಮ್ಮದೇ ಅಂದುಕೊಂಡು ಕಳೆಯುತ್ತಿದ್ದವು. ಈಗ ಪ್ರತಿ ಸೆಕೆಂಡಿಗೂ ಮೊದಲು ಯಾರಿಗೆ ಎಷ್ಟು ಬೇಕು ಎಂದು ಕೇಳಿ, ಇರೋದನ್ನು ಹಂಚಿ, ಆಮೇಲೆ ಓಡಿಸುತ್ತೇನೆ. ಸುಮ್ನೆ ನನ್ನ ಬುದ್ಧಿವಂತಿಕೆ ಅಲ್ಲ. 2012ರಲ್ಲಿ ಸ್ಟ್ಯಾನ್‌ಫರ್ಡ್ ವಿಶ್ವವಿದ್ಯಾಲಯದವರು ಮೈಕೋಪ್ಲಾಸ್ಮಾ ಜೆನಿಟೇಲಿಯಮ್ ಎಂಬ ಬ್ಯಾಕ್ಟೀರಿಯಾದ ಇಡೀ ಕೋಶದ ಮಾದರಿ ಕಟ್ಟಿದಾಗಲೂ ಹಂಚಿಕೆ ಹೀಗೇ ಇತ್ತು. ಜೀನ್‌ಗಳು 525, ಮಾಡ್ಯೂಲ್‌ಗಳು 28. ಒಂದೊಂದು ಸೆಕೆಂಡು ತಮ್ಮ ಪಾಡಿಗೆ ಓಡಿ, ಮತ್ತೆ ಲೆಕ್ಕ ಒಪ್ಪಿಸುತ್ತವೆ. ಅದನ್ನು ಓದಿಯೂ ನನಗೆ ಹೊಳೆದಿರಲಿಲ್ಲ, ನಾಚಿಕೆಗೇಡು.

ನಿನ್ನೆ ರಾತ್ರಿ ಕೋಶ ಆರುನೂರು ಸೆಕೆಂಡು ಬದುಕಿತು. ಪ್ರೋಟೀನ್ ಮಾತ್ರ ಜಾಸ್ತಿಯೇ ನಿಧಾನ. ಬಹುಶಃ ವೇಗದ ಲೆಕ್ಕದಲ್ಲಿ ಒಂದು ಕಡೆ ನಿಮಿಷ, ಇನ್ನೊಂದು ಕಡೆ ಸೆಕೆಂಡು ಹಾಕಿದ್ದೇನೆ. ಕಾಫಿ ಕುಡಿದು ನೋಡಬೇಕು.