ಪ್ರಾರ್ಥನ್ಯಾಗ ಪೇಪರ್ ಸುದ್ದಿ ಯಾಕ್ರಿ?

"ಸರ, ದೇವರ ವಾಕ್ಯ ಹೇಳ್ರಿ, ಸಾಕು. ಪೇಪರ್‌ನಾಗಿಂದು ನಾವು ಮನ್ಯಾಗ ಓದಿ ಬಂದಿರ್ತೀವಿ." ಬೆಳಗಾವಿ ಕಡೆಯ ಮೆಥೋಡಿಸ್ಟ್ ಚರ್ಚುಗಳ ಸಭೆಗಳಲ್ಲಿ ಆಗಾಗ ಪ್ರಸಂಗ ಮಾಡುವ, ಪ್ರಾರ್ಥನೆಗೆ ಪೇಪರ್ ಸುದ್ದಿಯನ್ನೂ ತರುವ ನನಗೆ ಈ ಮಾತು ಹೊಸದಲ್ಲ. ಹೊರಗಿನ ಗೆಳೆಯರು ಇದನ್ನೇ ತಿರುಗಿಸಿ ಕೇಳುತ್ತಾರೆ: "ನಿಮ್ಮ ಚರ್ಚಿನವರು ಯಾವ ಪಾರ್ಟಿ ಕಡೆ?"

ಗೆಳೆಯರಿಗೆ ಉತ್ತರ ಸಣ್ಣದು. ಪ್ರಸಂಗಪೀಠದಿಂದ ಓಟು ಕೇಳಬಾರದು. ಇಲೆಕ್ಷನ್ ಹತ್ತಿರ ಬಂದಾಗ ಶಾಲು ಹೊದಿಸಿಕೊಳ್ಳಲು ಬರುವವರು ಯಾವ ಪಕ್ಷದವರಾದರೂ ಬೆಂಚಿನ ಮೇಲೆ ಎಲ್ಲರ ಜೊತೆ ಕೂಡಬೇಕು.

ಸಭೆಯವರ ಪ್ರಶ್ನೆ ಅಷ್ಟು ಸಲೀಸಲ್ಲ. ಅರಸರಿಗಾಗಿಯೂ ಅಧಿಕಾರದಲ್ಲಿರುವ ಎಲ್ಲರಿಗಾಗಿಯೂ ಪ್ರಾರ್ಥಿಸಿರಿ ಎಂದು ಬೈಬಲಿನಲ್ಲಿ ಪೌಲನು ತನ್ನ ಶಿಷ್ಯ ತಿಮೊಥೆಯನಿಗೆ ಬರೆದಿದ್ದಾನೆ. ಪ್ರತಿ ರವಿವಾರ ನಾವು ಮಾಡುತ್ತಲೂ ಇದ್ದೇವೆ. ನಮ್ಮ ಊರಲ್ಲಂತೂ ಅಧಿಕಾರದಲ್ಲಿರುವವರು ದೂರದವರಲ್ಲ. 2012ರಲ್ಲಿ ಸುವರ್ಣ ವಿಧಾನಸೌಧ ಉದ್ಘಾಟನೆ ಆದ ಮೇಲೆ, ನಾವು ಕ್ರಿಸ್ಮಸ್ ಹಾಡು ಪ್ರಾಕ್ಟೀಸ್ ಮಾಡುವ ಹೊತ್ತಿಗೇ ಹೆಚ್ಚಾಗಿ ಅಲ್ಲಿ ಅಧಿವೇಶನ. ಒಳಗೆ ಏನು ನಡೆದಿದೆ ಅಂತ ತಿಳಿಯದೆ ದೇವರ ಹತ್ತಿರ ಕೇಳುವುದಾದರೂ ಏನು?

2021ರ ಡಿಸೆಂಬರ್‌ನಲ್ಲಿ ಮತಾಂತರ ನಿಯಂತ್ರಣದ ಮಸೂದೆಗೆ ವಿಧಾನಸಭೆ ಒಪ್ಪಿಗೆ ಕೊಟ್ಟದ್ದು ಇದೇ ಕಟ್ಟಡದಲ್ಲಿ. ಧರ್ಮ ಬದಲಿಸುವವರು 30 ದಿನ ಮೊದಲೇ ಜಿಲ್ಲಾ ಮ್ಯಾಜಿಸ್ಟ್ರೇಟರಿಗೆ ತಿಳಿಸಬೇಕು ಎಂಬ ಷರತ್ತು ಅದರಲ್ಲಿತ್ತು. ಆಗ "ಸುದ್ದಿ ಬ್ಯಾಡ್ರಿ" ಅಂತ ನನಗೆ ಯಾರೂ ಹೇಳಲಿಲ್ಲ. ನಮಗೆ ತಟ್ಟಿದರೆ ಅದು ಪ್ರಾರ್ಥನೆಯ ವಿಷಯ, ಬೇರೆಯವರಿಗೆ ತಟ್ಟಿದರೆ ರಾಜಕೀಯ. ನನ್ನ ತಕರಾರು ಇದೇ.

ಕಬ್ಬಿನ ಮಾತೇ ತಗೊಳ್ಳಿ. 2025ರ ನವೆಂಬರ್‌ನಲ್ಲಿ ಮೂಡಲಗಿ ತಾಲ್ಲೂಕಿನ ಗುರ್ಲಾಪುರ ಕ್ರಾಸ್‌ನಲ್ಲಿ ರೈತರು ಟನ್ನಿಗೆ 3,500 ರೂಪಾಯಿ ಕೇಳಿ ಧರಣಿ ಕೂತರು. ಕೊನೆಗೆ ಸರಕಾರ 3,300ಕ್ಕೆ ಗಂಟು ಹಾಕಿತು. ಬರೇ ದರದ ಜಗಳ ಅಲ್ಲ ಇದು. ಕಬ್ಬು ಕಳಿಸಿದ 14 ದಿನದೊಳಗೆ ಬಿಲ್ ಕೊಡಬೇಕು, ತಡವಾದರೆ ವರ್ಷಕ್ಕೆ ಶೇಕಡಾ 15ರಂತೆ ಬಡ್ಡಿ ಸೇರಿಸಬೇಕು ಅಂತ 1966ರ ಕಬ್ಬು ನಿಯಂತ್ರಣ ಆದೇಶವೇ ಹೇಳುತ್ತದೆ. ಬಾಕಿ ಬಿಲ್ಲಿಗಾಗಿ ಕಾರ್ಖಾನೆಗೆ ಅಲೆದವರಿಗೆ ಕೇಳಿ, ಬಡ್ಡಿ ಎಷ್ಟು ಬಂತು ಅಂತ. "ಅದು ರೈತ ಸಂಘದವರ ಕೆಲಸ ಬಿಡ್ರಿ" ಅನ್ನುವವರಿಗೆ ನಾನು ಬೈಬಲಿನಲ್ಲಿರುವ ಯಾಕೋಬನ ಪತ್ರದ ಐದನೇ ಅಧ್ಯಾಯ ತೆಗೆದು ತೋರಿಸುತ್ತೇನೆ. ಹೊಲ ಕೊಯ್ದವರಿಗೆ ಕೊಡದೆ ಹಿಡಿದಿಟ್ಟ ಕೂಲಿ ಕೂಗುತ್ತಿದೆ, ಆ ಕೂಗು ದೇವರ ಕಿವಿಗೆ ಬಿದ್ದಿದೆ ಅನ್ನುತ್ತಾನೆ ಅವನು.

ಆದರೆ ಯಾಕೋಬ ಹೇಳಿದ್ದು ಕೊಯ್ಯುವವರ ಬಗ್ಗೆ, ಹೊಲದ ಧಣಿಗಳ ಬಗ್ಗೆ ಅಲ್ಲ. ಹಾಗಾಗಿ ರೈತರ ಬಿಲ್ಲಿಗೆ ನಿಲ್ಲದೆ ಗ್ಯಾಂಗಿನವರ ತನಕ ಹೋಗಬೇಕಾಗುತ್ತದೆ: ಅಡ್ವಾನ್ಸ್ ತಗೊಂಡು, ಗಂಡ-ಹೆಂಡತಿ ಜೋಡಿಯಾಗಿ ಬಂದು, ಹೊಲದ ಬದಿಗೆ ಗುಡಿಸಲು ಹಾಕಿ ಕಬ್ಬು ಕಡಿಯುವವರು. ಜೊತೆಗೆ ಬಂದ ಮಕ್ಕಳ ಸಾಲಿ ಆ ಹಂಗಾಮಿನಲ್ಲಿ ತಪ್ಪಿದ್ದೇ. ನಮ್ಮ ಸಭೆಯಲ್ಲೂ ಕಬ್ಬಿನ ಹೊಲ ಇದ್ದವರಿದ್ದಾರೆ. ಬಾಕಿ ಬಿಲ್ಲಿನ ಮಾತಿಗೆ "ಆಮೆನ್" ಜೋರಾಗಿ ಬರುತ್ತದೆ. ಕಡಿಯುವವರ ಮಾತಿಗೆ ಕೆಮ್ಮು.

ಹಾಗಂತ ಇದು ನಾನು ಹುಟ್ಟಿಸಿದ ಚಟವೂ ಅಲ್ಲ. ನಮ್ಮ ಮೆಥೋಡಿಸ್ಟ್ ಮೂಲಪುರುಷ ಜಾನ್ ವೆಸ್ಲಿ 1791ರಲ್ಲಿ, ಸಾಯುವ ಆರು ದಿನ ಮೊದಲು, ಇಂಗ್ಲೆಂಡಿನ ಸಂಸತ್ ಸದಸ್ಯ ವಿಲ್ಬರ್‌ಫೋರ್ಸ್‌ಗೆ ಪತ್ರ ಬರೆದದ್ದು ಗುಲಾಮರ ವ್ಯಾಪಾರದ ವಿರುದ್ಧದ ಹೋರಾಟ ಬಿಡಬೇಡ ಅಂತ. ಆ ಮುಪ್ಪಿನಲ್ಲಿ ಅವರಿಗೆ ಪಾರ್ಲಿಮೆಂಟಿನ ಸುದ್ದಿ ಯಾಕೆ ಬೇಕಿತ್ತು ಅಂತ ಯಾರೂ ಕೇಳುವುದಿಲ್ಲ.

ಒಂದು ಕಟ್ಟು ಮಾತ್ರ ಇಟ್ಟುಕೊಂಡಿದ್ದೇನೆ. ವಾಟ್ಸ್‌ಆ್ಯಪ್‌ನಲ್ಲಿ "ಚರ್ಚಿಗೆ ಬೆಂಕಿ, ಪ್ರಾರ್ಥಿಸಿರಿ" ಅಂತ ಬರುವ ವೀಡಿಯೊ ಯಾವ ಊರಿನದು, ಯಾವ ವರ್ಷದ್ದು ಅಂತ ಗೊತ್ತಾಗುವ ತನಕ ಅದನ್ನು ಪ್ರಾರ್ಥನೆಗೆ ತರುವುದಿಲ್ಲ. ಇದಕ್ಕೂ ಬೈಸಿಕೊಳ್ಳುತ್ತೇನೆ. ಬೈಯುವವರು, ಹೆಚ್ಚಾಗಿ, ಪೇಪರ್ ಬ್ಯಾಡ ಅಂದವರೇ.